ಏಕಾದಶಿಯಂದು ನಡುಗದ ಪರದೆ

1992ರಲ್ಲಿ ನಾನು ನಾಸಿಕದಲ್ಲಿ ಕಂಪ್ಯೂಟರ್ ಸರ್ವಿಸ್ ಎಂಜಿನಿಯರ್. ವಯಸ್ಸು ಇಪ್ಪತ್ತಮೂರು. ಯಂತ್ರದ ರಿಪೇರಿಗಿಂತ ಪರರ ದನಿ ಅಣಕಿಸುವುದರಲ್ಲಿ ಹೆಚ್ಚು ಪಳಗಿದ್ದೆ.

ಜುಲೈಯಲ್ಲಿ ಔರಂಗಾಬಾದ್ ಬಳಿಯ ವೈಜಾಪುರದ ಬ್ಯಾಂಕೊಂದರಿಂದ ದೂರು ಬಂತು: ಹೊಸ ಮಾನಿಟರಿನ ಅಕ್ಷರಗಳು ದಿನಾ ಮಧ್ಯಾಹ್ನ ಮೂರಕ್ಕೆ ನಡುಗುತ್ತವೆ. ಧಾರವಾಡ ಮೂಲದ ಅಲ್ಲಿನ ಮ್ಯಾನೇಜರು ಬಾಗಿಲು ಹಾಕಿ ಪಿಸುಗುಟ್ಟಿದರು: "ಇದು ಕುಲಕರ್ಣಿದೇ ಕೆಲಸ ನೋಡ್ರಿ. ಕಂಪ್ಯೂಟರ್ ಬ್ಯಾಡಂತ ಘೋಷಣಾ ಕೂಗಿದಾಂವ. ನೀವೊಂದು ರಿಪೋರ್ಟ್ ಕೊಡ್ರಿ, ವರ್ಗಾ ಮಾಡಸ್ತೀನಿ."

ಕುಲಕರ್ಣಿಯವರು ಅಲ್ಲಿನ ಹಿರಿಯ ಗುಮಾಸ್ತರು, ಕರ್ನಾಟಕದ ವಿಜಾಪುರದ ಕಡೆಯವರು. ಅವರ ಹೆಂಡತಿಗೆ ಔರಂಗಾಬಾದಿನಲ್ಲಿ ವಾರಕ್ಕೊಮ್ಮೆ ಚಿಕಿತ್ಸೆ. ವರ್ಗವಾದರೆ ಅದು ತಪ್ಪಿದಂತೆಯೇ.

"ಬಾರಪಾ ಡಾಕ್ಟರ್, ಮಷಿನ್ನಿನ ನಾಡಿ ನೋಡ್ತಿಯೋ, ನಂದೋ?" ಎಂದರು ನನ್ನನ್ನು ಕಂಡು.

ಮೂರಕ್ಕೆ ಅವರು ಚಹಾ ಮುಗಿಸಿ ಬಂದು ಕೂತರು. ಪರದೆ ನಡುಗಿತು! ಮೇಜಿನ ಮೇಲೆ ಆಯಸ್ಕಾಂತದ ಗುಂಡುಸೂಜಿ ಡಬ್ಬಿ. ನನಗೆ ಇನ್ನೇನು ಬೇಕು? "ಆಯಸ್ಕಾಂತದಿಂದ ಬೇಕೆಂದೇ ಮಾಡಿದ ಅಡಚಣೆ" ಎಂದು ಬರೆದುಬಿಟ್ಟೆ.

ವರದಿ ಕೊಡಲು ಹೋದ ದಿನ ಆಷಾಢ ಏಕಾದಶಿ. ಮೂರು ಗಂಟೆ. ಅದೇ ಕುಲಕರ್ಣಿ, ಅದೇ ಡಬ್ಬಿ. ಪರದೆ ಮಾತ್ರ ಕಲ್ಲಿನಂತೆ ಸ್ಥಿರ.

"ನಾ ಉಪಾಸ ಅದೀನಂತ ಇದೂ ಸುಮ್ಮನಾತೇನು?" ಎಂದು ನಕ್ಕರು.

ವರದಿಯನ್ನು ಜೇಬಿಗೆ ತಳ್ಳಿ ಗೋಡೆಯಾಚೆಯ ಉಡುಪಿ ಹೋಟೆಲಿಗೆ ಹೋಗಿ ವಡೆ ಕೇಳಿದೆ. "ಇವತ್ತು ಏಕಾದಶಿ, ಉಪವಾಸದ ಸಾಬಕ್ಕಿ ಖಿಚಡಿ ಮಾತ್ರ ಮಾರಾಯ್ರೆ," ಎಂದರು ಮಾಲೀಕರು. "ಮೂರು ಗಂಟೆಗೆ ಉದ್ದು ರುಬ್ಬುವ ಗ್ರೈಂಡರಿಗೂ ರಜೆ."

ಮರುದಿನ ಗ್ರೈಂಡರ್ ತಿರುಗಿತು, ಪರದೆ ಕುಣಿಯಿತು. ತಂತಿಯ ಸುರುಳಿಗೆ ಇಯರ್‌ಫೋನ್ ಜೋಡಿಸಿ ಗೋಡೆಗೆ ಹಿಡಿದರೆ, ಮ್ಯಾನೇಜರು ಮೂಗಿನಲ್ಲೇ "ಹೂಂ" ಎಂದಂತೆ ಸದ್ದು. ವಿದ್ಯುತ್ ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಹೋಗುವ ತಂತಿಯೂ ಮರಳುವ ತಂತಿಯೂ ಜೊತೆಗಿದ್ದರೆ ಒಂದರ ಕ್ಷೇತ್ರವನ್ನು ಇನ್ನೊಂದು ಅಳಿಸುತ್ತದೆ. ಹೋಟೆಲಿನವರು ಗ್ರೈಂಡರಿನ ಒಂದು ತಂತಿಯನ್ನು ಬ್ಯಾಂಕಿನ ಗೋಡೆಗೆ, ಇನ್ನೊಂದನ್ನು ಅಡುಗೆಮನೆಯ ಆಚೆಗೆ ಎಳೆದಿದ್ದರು. ಆ ಕ್ಷೇತ್ರ ಮಾನಿಟರಿನೊಳಗಿನ ಎಲೆಕ್ಟ್ರಾನ್ ಕಿರಣವನ್ನು ಅಲುಗಾಡಿಸುತ್ತಿತ್ತು. ಕದಲದ ಆಯಸ್ಕಾಂತ ಚಿತ್ರವನ್ನು ಒಂದೇ ಕಡೆ ಎಳೆಯುತ್ತದೆಯೇ ಹೊರತು ನಡುಗಿಸುವುದಿಲ್ಲ. ಡಿಪ್ಲೊಮಾದ ಪಾಠವಿದು, ಆ ತರಗತಿಯಲ್ಲಿ ನಾನು ಮೇಷ್ಟ್ರನ್ನು ಅಣಕಿಸುತ್ತಿದ್ದೆ.

ಎರಡೂ ತಂತಿಗಳನ್ನು ಒಂದೇ ಪೈಪಿನಲ್ಲಿ ಹಾಕಿಸಿದೆವು. ಪರದೆ ತಣ್ಣಗಾಯಿತು. ಮ್ಯಾನೇಜರು ಮಾತ್ರ ತಿಂಗಳುಗಟ್ಟಲೆ ಆ ಡಬ್ಬಿಯನ್ನು ಓರೆಗಣ್ಣಿನಿಂದಲೇ ನೋಡುತ್ತಿದ್ದರಂತೆ.

ಹಳೆಯ ವರದಿಯನ್ನು ಕುಲಕರ್ಣಿಯವರಿಗೆ ತೋರಿಸಿ ಹರಿದು, ಹೊಸದನ್ನು ಬರೆದೆ. ಹಾಳೆಗಳನ್ನು ಜೋಡಿಸಲು ಸೂಜಿ ಹುಡುಕುತ್ತಿದ್ದಾಗ ಕುಲಕರ್ಣಿಯವರು ಡಬ್ಬಿ ಮುಂದೆ ಸರಿಸಿದರು: "ತೊಗೋಪಾ. ಸಾಕ್ಷಿ ಇದರಾಗೇ ಐತಲ್ಲ."

ಯಾರ ದನಿಯನ್ನಾದರೂ ತೆಗೆಯುವ ನಾನು ಅಂದು ನನ್ನದೇ ದನಿಯಲ್ಲಿ "ತಪ್ಪಾಯಿತು" ಎಂದು ಸೂಜಿ ತೆಗೆದುಕೊಂಡೆ. ಅಂದಿನಿಂದ ದೋಷ ಕಂಡ ದಿನಕ್ಕಿಂತ ದೋಷ ಕಾಣದ ದಿನವನ್ನೇ ಮೊದಲು ವಿಚಾರಿಸುತ್ತೇನೆ. ಮನುಷ್ಯರ ಹೆಸರು ಬರೆಯುವುದು ಆಮೇಲೆ.