ಕೈ ಎತ್ತದ ಮೇಷ್ಟ್ರು

ಮಾಗಡಿಯಿಂದ ಕುದೂರಿಗೆ ಬರುವ ಬಸ್ಸಿನಲ್ಲಿ ಸೀಟು ಸಿಗದವರೆಲ್ಲ ಮೇಲಿನ ಕಂಬಿ ಹಿಡಿದು ನಿಂತಿರುತ್ತಾರೆ. ನಾನೊಬ್ಬ ಮಾತ್ರ ಸೀಟಿನ ಹಿಂದಿನ ಹಿಡಿಕೆಯನ್ನು, ಅದೂ ಸಿಗದಿದ್ದರೆ ದೇವರನ್ನು ನಂಬಿ ನಿಂತಿರುತ್ತೇನೆ. ತಿರುವಿನಲ್ಲಿ ಬಸ್ಸು ವಾಲಿದಾಗ ಯಾರ ಯಾರ ಮಡಿಲಿಗೆ ಬಿದ್ದಿದ್ದೇನೋ ನೆನಪಿಟ್ಟುಕೊಂಡಿಲ್ಲ. ‘ಮೇಷ್ಟ್ರೇ, ಮ್ಯಾಲೆ ಕಂಬಿ ಐತಲ್ಲ, ಹಿಡ್ಕಳಿ’ ಎಂದು ಕಂಡಕ್ಟರು ಗದರಿದ್ದೂ ಉಂಟು. ಕಂಬಿ ಇರುವುದು ನನಗೂ ಗೊತ್ತು. ಆದರೆ ಅದನ್ನು ಹಿಡಿಯಬೇಕಾದರೆ ತೋಳೆತ್ತಬೇಕು. ತೋಳೆತ್ತಿದರೆ ನನ್ನ ಕಂಕುಳು ನಾರುತ್ತದೆ. ಹೇಳಲೋ ಬೇಡವೋ ಅಂತಿದ್ದೆ, ಹೇಳಿಯೇ ಬಿಟ್ಟೆ ನೋಡಿ.

ಇದರಲ್ಲಿ ತಮಾಷೆ ಏನೆಂದರೆ, ಇಪ್ಪತ್ತು ವರ್ಷದಿಂದ ಹೈಸ್ಕೂಲಿನಲ್ಲಿ ನಾನು ಮಕ್ಕಳ ಕೈ ಎತ್ತಿಸುತ್ತಲೇ ಬಂದಿದ್ದೇನೆ. ಉತ್ತರ ಗೊತ್ತಿರುವವರು ಕೈ ಎತ್ತಿ. ಕಿಟಕಿ ಗಾಜು ಒಡೆದವರು ಯಾರು, ಮರ್ಯಾದೆಯಾಗಿ ಕೈ ಎತ್ತಿ. ಆ ಮಕ್ಕಳಿಗೆ ತಮ್ಮ ಮೇಷ್ಟ್ರು ಕರಿಹಲಗೆಯ ಮೇಲ್ಭಾಗದಲ್ಲಿ ಯಾಕೆ ಒಂದಕ್ಷರವನ್ನೂ ಬರೆಯುವುದಿಲ್ಲ ಎಂಬುದು ಹೊಳೆದಿರಲಾರದು.

ವಿಷಯವನ್ನು ನನಗೆ ತಿಳಿಸಿದವರು ಗಣಿತದ ನಾಗರಾಜಪ್ಪ. ಮೊದಮೊದಲು ‘ಬೆಳಕು ಚೆನ್ನಾಗಿರುತ್ತೆ ಸಾರ್’ ಎಂದು ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿಯನ್ನು ಕಿಟಕಿಯ ಬುಡಕ್ಕೆ ಸರಿಸಿದರು. ಎಷ್ಟು ಒಳ್ಳೆಯ ಮನುಷ್ಯ ಅಂದುಕೊಂಡೆ. ಆಮೇಲೊಂದು ದಿನ ಊಟದ ಹೊತ್ತಿನಲ್ಲಿ ತಡೆಯಲಾರದೆ, ‘ಬೇಜಾರ್ ಮಾಡ್ಕಬ್ಯಾಡಿ ಸಾರ್, ಒಸಿ ವಾಸ್ನೆ ಬತ್ತೈತೆ’ ಎಂದರು. ನಾನು ಗಾಬರಿಯಿಂದ ಊಟದ ಡಬ್ಬಿ ತೆಗೆದು ಮೂಸಿದೆ. ಅವರು ತಲೆ ತಗ್ಗಿಸಿಕೊಂಡು, ‘ಡಬ್ಬಿದಲ್ಲ ಸಾರ್, ನಿಮ್ದು’ ಎಂದರು. ಡಬ್ಬಿ ಮುಚ್ಚಿಕೊಂಡು ಎದ್ದುಹೋದೆ.

ಮೂಗು ಎಂಬುದು ಮನೆ ನಾಯಿಯಿದ್ದ ಹಾಗೆ. ಊರವರನ್ನೆಲ್ಲ ಕಂಡು ಬೊಗಳುತ್ತದೆ, ಮನೆಯವರ ಮುಂದೆ ಬಾಲ ಅಲ್ಲಾಡಿಸುತ್ತದೆ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಅನ್ವರ್ ಸಾಹೇಬರು ನನಗೆ ಪರಿಚಯ. ಗೂಡು ಬೇಯಿಸುವ ಬಿಸಿನೀರು, ಒಳಗಿನ ಸತ್ತ ಹುಳುವಿನ ನಾತ, ಅಲ್ಲಿಗೆ ಕಾಲಿಟ್ಟರೆ ನಾನು ಬಾಯಲ್ಲೇ ಉಸಿರಾಡುತ್ತೇನೆ. ಮೊದಲ ಸಲ ಮೂಗಿಗೆ ಕರವಸ್ತ್ರ ಹಿಡಿದು ಕೂತ ನನ್ನನ್ನು ನೋಡಿ ಅವರು, ‘ಶೀತ ಆಗೈತಾ ಸಾರ್?’ ಎಂದು ನಿಜವಾದ ಮರುಕದಿಂದಲೇ ಕೇಳಿ ಶುಂಠಿ ಚಹಾ ತರಿಸಿದ್ದರು. ಅವತ್ತು ಒಳಗೊಳಗೇ ನಕ್ಕಿದ್ದೆ. ಈಗ ನಗು ಬರುವುದಿಲ್ಲ.

ಫೋನಿನಲ್ಲಿ ಹುಡುಕಿ ಓದಿದ ಮೇಲೆ ಗೊತ್ತಾದದ್ದು, ಬೆವರಿಗೆ ತನ್ನದೆಂಬ ವಾಸನೆ ಅಷ್ಟಾಗಿ ಇಲ್ಲವಂತೆ. ಕಂಕುಳಲ್ಲಿ ಬೀಡುಬಿಟ್ಟಿರುವ ಕಣ್ಣಿಗೆ ಕಾಣದ ಜೀವಿಗಳು ಅದನ್ನು ಉಂಡು ನಾತ ಮಾಡುತ್ತವಂತೆ. ಅಂದರೆ ಅಲ್ಲೊಂದು ಊರೇ ಇದೆ, ಅದಕ್ಕೆ ನಾನೇ ಅನ್ನದಾತ. ಈರುಳ್ಳಿ, ಬೆಳ್ಳುಳ್ಳಿ, ಬಿಗಿ ಬಟ್ಟೆ, ಕೆಲವರಲ್ಲಿ ಸಕ್ಕರೆ ಕಾಯಿಲೆ, ಇವೂ ಕಾರಣವಂತೆ. ಎಲ್ಲಕ್ಕಿಂತ ಮೇಲೆ ಚಿಂತೆ. ನಾರುತ್ತಿದ್ದೇನೇನೋ ಎಂಬ ಚಿಂತೆಗೆ ಬೆವರು, ಆ ಬೆವರಿಗೆ ನಾತ, ಆ ನಾತಕ್ಕೆ ಮತ್ತೆ ಚಿಂತೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಯಾರೋ ಹಿಂದಿನಿಂದ ಕರೆದವರಂತೆ ಗಳಿಗೆಗೊಮ್ಮೆ ಭುಜದತ್ತ ಕತ್ತು ತಿರುಗಿಸಿ ಮೂಸುವುದು ಚಾಳಿಯಾಯಿತು.

ಮದ್ದು ಶುರುವಾಯಿತು. ಕ್ಷೌರ ಮಾಡಿದ ಕಂಕುಳಿಗೆ ನಿಂಬೆಹಣ್ಣು ಉಜ್ಜಿಕೊಂಡು ಬಚ್ಚಲಲ್ಲಿ ಕುಣಿದೆ. ಪೌಡರ್ ಸುರಿದುಕೊಂಡರೆ ಅದು ಬೆವರಿನಲ್ಲಿ ಕಲಸಿ ಅಂಗಿಯ ಮೇಲೆ ಭೂಪಟ ಬರೆಯಿತು. ಬೆಳ್ಳುಳ್ಳಿ ಬೇಡವೆಂದಾಗ ನನ್ನ ಹೆಂಡತಿ ಸಾವಿತ್ರಿ, ‘ಬೆಳ್ಳುಳ್ಳಿ ಇಲ್ದೆ ಬಸ್ಸಾರಾ? ಮೈ ಹುಷಾರಾಗೈತಾ?’ ಎಂದು ಹಣೆ ಮುಟ್ಟಿ ನೋಡಿದಳು. ಅವಳಿಗೆ ನಾನು ಏನೂ ಹೇಳಿರಲಿಲ್ಲ. ಕಡೆಗೆ ರಾಮನಗರದಲ್ಲಿ ಒಂದು ಸೆಂಟಿನ ಸ್ಪ್ರೇ ಕೊಂಡು ಸ್ಕೂಲ್ ಬ್ಯಾಗಿನ ತಳದಲ್ಲಿ ಬಚ್ಚಿಟ್ಟೆ.

ಬಚ್ಚಿಡಲು ಕಾರಣವಿತ್ತು. ನಮ್ಮದು ರೇಷ್ಮೆ ಹುಳು ಸಾಕುವ ಮನೆ, ಆ ಬೇಸಾಯ ಸಾವಿತ್ರಿಯದು. ಹುಳುವಿಗೆ ಮನುಷ್ಯರು ಹಚ್ಚುವ, ಹಚ್ಚಿಕೊಳ್ಳುವ ಘಮಲು ಆಗಿಬರುವುದಿಲ್ಲ. ಹುಳು ಮನೆಯೊಳಗೆ ಬೀಡಿ ಇಲ್ಲ, ಊದುಬತ್ತಿ ಇಲ್ಲ, ಪೌಡರ್ ಇಲ್ಲ. ಬೆಳೆ ಮುಗಿಯುವ ತನಕ ಸಾವಿತ್ರಿ ಮಲ್ಲಿಗೆಯನ್ನೂ ಮುಡಿಯುವುದಿಲ್ಲ. ಅವಳು ಈ ಮನೆಗೆ ಬಂದ ಮೇಲೆ ಒಂದು ಬೆಳೆಯೂ ಕೈಕೊಟ್ಟಿರಲಿಲ್ಲ. ನಾನಾದರೂ ಸೆಂಟು ಹಾಕುತ್ತಿದ್ದದ್ದು ಶಾಲೆಯಲ್ಲಿ, ಸಂಜೆಯೊಳಗೆ ಹಾರಿಹೋಗುತ್ತದೆಂಬ ಧೈರ್ಯ.

ಆ ಶನಿವಾರ ಬೆಳಗಿನ ಶಾಲೆ. ಮೇಲಧಿಕಾರಿಗಳು ಬರುತ್ತಾರೆಂದು ಎರಡೆರಡು ಸಲ ಸೆಂಟು ಹೊಡೆದುಕೊಂಡಿದ್ದೆ, ಮಧ್ಯಾಹ್ನಕ್ಕೇ ಮನೆ ಸೇರಿದೆ. ಹುಳು ನಾಲ್ಕನೇ ಜ್ವರ ಎದ್ದಿತ್ತು; ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಮೇಲಿನ ದಿನಗಳಲ್ಲಿ ಎಷ್ಟು ಹಿಪ್ಪುನೇರಳೆ ಸೊಪ್ಪು ಹಾಕಿದರೂ ಸಾಲದು. ತೋಟದಿಂದಲೇ ಸಾವಿತ್ರಿ, ‘ಒಸಿ ಸೊಪ್ಪು ಹಾಕ್ಬುಡಿ, ಬತ್ತೀನಿ’ ಎಂದು ಕೂಗಿದಳು. ಹೊರೆ ಹೊತ್ತು ಒಳಗೆ ಹೋದೆ. ಮೇಲಿನ ಅಟ್ಟಣೆಗೆ ಎರಡೂ ತೋಳೆತ್ತಿ ಸೊಪ್ಪು ಹರಡಿದೆ. ಲೋಕದಲ್ಲಿ ನಾನು ನಿರಾಳವಾಗಿ ತೋಳೆತ್ತುತ್ತಿದ್ದದ್ದು ಅಲ್ಲೊಂದೇ ಕಡೆ.

ಅರ್ಧ ಗಂಟೆಯಲ್ಲಿ ಸದ್ದು ನಿಂತಿತು. ಸೊಪ್ಪು ಮೇಯುವ ಚರಚರ ಸದ್ದು ಇಲ್ಲವೆಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಹುಳುಗಳು ತಲೆಯೆತ್ತಿ ಅತ್ತಿತ್ತ ಆಡಿಸುತ್ತಿದ್ದವು. ಸಾವಿತ್ರಿ ಬಂದು ನೋಡಿ ಬೆಳ್ಳಗಾದಳು. ‘ಯಾರೋ ಔಷ್ದಿ ಹೊಡ್ದವ್ರೆ’ ಎಂದಳು.

ಬೇಲಿಯಾಚೆ ಚಿಕ್ಕಣ್ಣನ ಹುರುಳಿಕಾಯಿ ಹೊಲ. ಅವನು ಔಷಧಿ ಹೊಡೆಯುವ ಡ್ರಮ್ಮು ತೊಳೆದು ಬಿಸಿಲಿಗೆ ಬೋರಲು ಹಾಕಿದ್ದ. ಸಾವಿತ್ರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

‘ಚಿಕ್ಕಣ್ಣ, ನಾಕು ದಿನ ತಡ್ಕಳಕ್ಕಾಗ್ಲಿಲ್ವಾ ನಿಂಗೆ? ಹುಳ ಸೊಪ್ಪು ಮುಟ್ತಿಲ್ಲ.’

‘ನನ್ ಮಕ್ಳಾಣೆ ಹೊಡ್ದಿಲ್ಲ ಕಣಕ್ಕ. ಡ್ರಮ್ ತೊಳ್ದೆ ಅಷ್ಟೆ. ನಿಮ್ಮನೇಲಿ ಹುಳ ಐತೆ ಅಂತ ಗೊತ್ತಿದ್ದೂ ಹೊಡ್ದೇನಾ?’

‘ಇನ್ಮ್ಯಾಕೆ ನಿಮ್ಮನೆಯೋರು ನಮ್ಮ ಹೊಸ್ಲು ತುಳಿಯಾದು ಬ್ಯಾಡ.’

ಗೂಡು ಬಿಡಿಸಲು ಪ್ರತಿ ಬೆಳೆಗೂ ಬರುತ್ತಿದ್ದವಳು ಚಿಕ್ಕಣ್ಣನ ಹೆಂಡತಿ. ನಮ್ಮ ಕಡೆ ಬೇಲಿ ಜಗಳ ಒಮ್ಮೆ ಹುಟ್ಟಿದರೆ ಮೊಮ್ಮಕ್ಕಳ ಕಾಲಕ್ಕೂ ಸಾಯುವುದಿಲ್ಲ. ನಿಜ ಹೇಳುತ್ತೇನೆ, ನಾನು ಸುಮ್ಮನೇ ನಿಂತಿದ್ದೆ. ಅವನೇ ಹೊಡೆದಿದ್ದರೂ ಹೊಡೆದಿರಬಹುದು ಎಂದು ಮನಸ್ಸಿಗೆ ಲಂಚ ಕೊಡುತ್ತಿದ್ದೆ. ಚಿಕ್ಕಣ್ಣ ನನ್ನ ಕಡೆ ತಿರುಗಿ, ‘ಮೇಷ್ಟ್ರೇ, ನೀವಾರ ಒಂದ್ ಮಾತು ಹೇಳಿ’ ಎಂದ. ಅವನ ದನಿ ಒಡೆದಿತ್ತು.

ನನ್ನ ಕೈ ತಾನಾಗಿ ಮೇಲೆ ಹೋಯಿತು, ಗಾಜು ಒಡೆದ ಹುಡುಗರದು ಹೋಗುವ ಹಾಗೆ.

ಇಬ್ಬರೂ ನನ್ನನ್ನೇ ನೋಡಿದರು. ‘ನಾನು. ಸೆಂಟು ಹಾಕಿಕೊಂಡು ಒಳಗೆ ಹೋಗಿದ್ದೆ’ ಎಂದೆ. ಎತ್ತಿದ ಕೈ ಇಳಿಸಲೂ ತೋಚಲಿಲ್ಲ. ಚಿಕ್ಕಣ್ಣ ಬೇಲಿ ದಾಟಿ ಬಂದು, ಹಲಸಿನ ಹಣ್ಣು ಮೂಸುವವನ ಹಾಗೆ ನನ್ನ ಕಂಕುಳು ಮೂಸಿದ. ‘ಅಕ್ಕ, ಇದು ನನ್ನ ಔಷ್ದಿಗಿಂತ ಜೋರಾಗೈತೆ’ ಎಂದ.

ಸಾವಿತ್ರಿ ನಗಲಿಲ್ಲ. ‘ಯಾಕೆ?’ ಎಂದಳು.

‘ನನ್ನ ಮೈ ನಾರುತ್ತಂತೆ.’

‘ನಾರ್ತೈತೆ. ಮದ್ವೆ ಆದಾಗ್ಲಿಂದ್ಲೂ ನಾರ್ತೈತೆ. ಹುಳಕ್ಕೇನೂ ಆಗಿರ್ಲಿಲ್ವಲ್ಲ’ ಎಂದಳು. ಆಮೇಲೆ ಚಿಕ್ಕಣ್ಣನ ಕಡೆ ತಿರುಗಿ, ‘ತಪ್ಪಾಯ್ತು ಕಣಣ್ಣ’ ಎಂದಳು. ನಾನು ಮಾಡಿದ ತಪ್ಪಿಗೆ ಅವಳು ತಲೆ ತಗ್ಗಿಸಿದ್ದು ನೋಡಿ ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಆ ಸಂಜೆ ಚಿಕ್ಕಣ್ಣನೇ ಸಾವಿತ್ರಿಯ ಜೊತೆ ನಿಂತು ಕಿಟಕಿಗಳನ್ನೆಲ್ಲ ತೆರೆದ, ಹಳೆಯ ಸೊಪ್ಪು ತೆಗೆದು ಹೊಸತು ಹಾಕಿದ. ನಾನು ಮೂರು ಸಲ ಮೈ ತೊಳೆದುಕೊಂಡು ಹೊರಗೆ ಕಿಟಕಿಯ ಕೆಳಗೆ ಕೂತಿದ್ದೆ. ದೀಪ ಹಚ್ಚುವ ಹೊತ್ತಿಗೆ ಒಳಗಿನಿಂದ ಚರಚರ ಸದ್ದು ಕೇಳಿತು. ಮೇಲಿನ ಅಟ್ಟಣೆಯ ಹುಳು ಒಂದಿಷ್ಟು ಹೋಯಿತು, ಉಳಿದದ್ದು ಗೂಡು ಕಟ್ಟಿತು. ಬಿಡಿಸಲು ಚಿಕ್ಕಣ್ಣನ ಹೆಂಡತಿ ಬಂದಳು.

ಮಾರನೆಯ ವಾರ ಸಾವಿತ್ರಿಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಆ ಡಾಕ್ಟರಮ್ಮ ಸಕ್ಕರೆ ಪರೀಕ್ಷೆ ಮಾಡಿಸಿದರು, ಅದೇನೂ ಇರಲಿಲ್ಲ. ದಿನಕ್ಕೆರಡು ಸಲ ತೊಳೆದು ಚೆನ್ನಾಗಿ ಒಣಗಿಸಿ, ಕೂದಲು ಬೆಳೆಯಲು ಬಿಡಬೇಡಿ, ಹತ್ತಿ ಅಂಗಿ ಹಾಕಿ ಎಂದು ಹೇಳಿ ಒಂದು ಮುಲಾಮು ಬರೆದರು. ಅದಕ್ಕೆ ವಾಸನೆ ಇದೆಯೇ ಎಂದು ಸಾವಿತ್ರಿ ಕೇಳಿದಳು, ಇಲ್ಲವೆಂದ ಮೇಲೆಯೇ ಎದ್ದಳು. ಕ್ಷೌರದಂಗಡಿಯವರು ಗಡ್ಡ ಹೆರೆದ ಮೇಲೆ ಉಜ್ಜುತ್ತಾರಲ್ಲ, ಆ ಪಟಕದ ಚೂರೊಂದು ಈಗ ನಮ್ಮ ಬಚ್ಚಲಿನಲ್ಲಿದೆ. ಅದಕ್ಕೂ ವಾಸನೆಯಿಲ್ಲ.

ನಾತ ಪೂರ್ತಿ ಹೋಗಿಲ್ಲ, ತಗ್ಗಿದೆ. ಬಸ್ಸಿನಲ್ಲಿ ಮೊಣಕೈ ಮಡಿಸಿ ಅರ್ಧ ತೋಳೆತ್ತುವಷ್ಟು ಧೈರ್ಯ ಬಂದಿದೆ. ಪೂರ್ತಿ ಎತ್ತುವುದು ಹುಳು ಮನೆಯ ಬಾಗಿಲಲ್ಲಿ. ಅಲ್ಲಿ ಸಾವಿತ್ರಿ ಅಡ್ಡ ನಿಂತು ‘ಎತ್ತಿ’ ಅನ್ನುತ್ತಾಳೆ. ಎರಡೂ ಕೈ ಎತ್ತುತ್ತೇನೆ, ಹತ್ತಿರ ಬಂದು ಮೂಸುತ್ತಾಳೆ. ಘಮಘಮ ಅಂದರೆ ಹೊರಗೆ. ಮನುಷ್ಯನ ವಾಸನೆ ಬಂದರೆ, ‘ಹೂಂ, ನಡೀರಿ ಒಳೀಕೆ’ ಅನ್ನುತ್ತಾಳೆ.