ಮೋಟಾರಿಗೆ ದವಾಖಾನೆಯ ಗಾಳಿ

ಅಣ್ಣನೂ ನಾನೂ ಉಮರ್ಗಾದಲ್ಲಿ ಒಬ್ಬ ಉಸ್ತಾದರ ಬಳಿ ಮೋಟಾರು ದುರಸ್ತಿ ಕಲಿತೆವು. ಆಗ ನಮ್ಮದಿನ್ನೂ ಹೈದರಾಬಾದ್ ರಾಜ್ಯ. ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆಯಬೇಕು, ನಟ್ಟು ಬಿಚ್ಚುವ ಪಾನಾಗಳನ್ನು ಅಳತೆಯ ಪ್ರಕಾರ ಸಾಲಾಗಿ ಇಡಬೇಕು, ಬಿಚ್ಚಿದ ನಟ್ಟುಗಳನ್ನು ಎಣಿಸಬೇಕು. ಅಣ್ಣನಿಗೆ ಇದೆಲ್ಲ ತಮಾಷೆ. ನನಗೆ ಹಿಡಿಸಿತು. ಇಂದಿಗೂ ಎಣಿಸದೆ ನಾನು ಯಾವ ಕೆಲಸವನ್ನೂ ಮುಗಿಸುವುದಿಲ್ಲ.

ಅಣ್ಣ ಮುಂದೆ ಒಬ್ಬ ಗೌಡರ ಕಾರಿಗೆ ಡ್ರೈವರನಾದ. ಪೊಲೀಸ್ ಕಾರ್ಯಾಚರಣೆಯಲ್ಲಿ ಹಳೆಯ ಮಾಲೀಕರು ಬಿಟ್ಟುಹೋದ ಮೇಲೆ ಉದಗೀರದ ಒಂದು ಹವೇಲಿಯಲ್ಲಿ ವರ್ಷಗಟ್ಟಲೆ ನಿಂತಿದ್ದ ಕಾರು ಅದು. ಹೆಂಗಸರಿಗಾಗಿ ಹಿಂದಿನ ಕಿಟಕಿಗಳಿಗೆ ಕಟ್ಟಿದ್ದ ಕಪ್ಪು ಪರದೆಗಳನ್ನು ಯಾರೂ ತೆಗೆದಿರಲಿಲ್ಲ.

ಒಂದು ದಿನ ಸಂತೆಯಲ್ಲಿ ನಿಲಂಗಾದ ಹತ್ತಿ ವ್ಯಾಪಾರಿಯ ಡ್ರೈವರ್ ಅಣ್ಣನನ್ನು ಕೆಣಕಿದ.

"ಏನಪಾ, ನಿಮ್ಮ ಗೌಡ್ರು ಈ ಮೋಟಾರ ಹೊಲಾ ಹರಗಲಿಕ್ಕೆ ತಂದಾರೇನು? ಎತ್ತಿಗಿಂತ ಸಾವಕಾಶ ಹೊಂಟದಲ್ಲ!"

ಅಣ್ಣ ನಿಂತ ಕಾಲಲ್ಲೇ ಪಂದ್ಯ ಕಟ್ಟಿ ಬಂದ.

ಉಸ್ತಾದರು ಮಹಾಯುದ್ಧದಲ್ಲಿ ವಿಮಾನದ ಎಂಜಿನ್ನುಗಳನ್ನು ನೋಡಿಕೊಂಡವರು. ಅಣ್ಣ ಕಾಡಿದ್ದಕ್ಕೆ ಒಂದು ಉಕ್ಕಿನ ಸಿಲಿಂಡರ್ ಹೊರತೆಗೆದರು. ಹಲ್ಲು ಕೀಳುವ ಮುಂಚೆ ರೋಗಿಗೆ ಮೂಸಿಸುವ ಗಾಳಿ, ಯಾವುದೋ ದವಾಖಾನೆಯ ಹರಾಜಿನಲ್ಲಿ ಸಿಕ್ಕಿದ್ದು.

"ಮನಷಾ ಮೂಸಿದ್ರ ನಗ್ತಾನ, ಆಮ್ಯಾಲ ಮಲಗ್ತಾನ. ಎಂಜಿನ್ ಮೂಸಿದ್ರ ಅದಕ್ಕ ಹುಚ್ಚ ಹಿಡೀತದ ಬೇಟಾ. ಹತ್ತು ಎಣಿಸೂತನಕ ಬಿಡ್ರಿ. ಹೆಚ್ಚಾತಂದ್ರ ಪಿಸ್ಟನ್ ಕರಗ್ತದ."

ಸಿಲಿಂಡರನ್ನು ಅಣ್ಣನ ಪಕ್ಕದ ನನ್ನ ಸೀಟಿನ ಮುಂದೆ ನಿಲ್ಲಿಸಿ, ತಾಮ್ರದ ಕೊಳವೆಯನ್ನು ಕಾರ್ಬ್ಯುರೇಟರಿಗೆ ಒಯ್ದೆವು. ಗಾಳಿಯ ಜೊತೆ ಪೆಟ್ರೋಲೂ ಹೆಚ್ಚು ಹೋಗಲೆಂದು ಇನ್ನೊಂದು ಸಣ್ಣ ಕೊಳವೆ. ಉಸ್ತಾದರು ನಮಾಜಿಗೆ ಹೋದಾಗ ಸಿಲಿಂಡರಿನ ಬಳಿಯ ಒಂದು ಜೋಡಣೆ ಸೋರುವುದು ಕಂಡಿತು. ಮನೆಯಲ್ಲಿ ಸೋರುವ ಕೊಡಕ್ಕೆ ಅವ್ವ ಹಚ್ಚುವಂತೆ ಸುಣ್ಣ ಬೆಲ್ಲ ಕಲಸಿ ಮೆತ್ತಿದೆವು. ಒಣಗಿ ಕಲ್ಲಾಯಿತು. ಉಸ್ತಾದರಿಗೆ ಹೇಳಲಿಲ್ಲ.

ಪಂದ್ಯ ದಾಳಿಂಬದ ಕಡೆಯ ನೇರ ಹಾದಿಯಲ್ಲಿ. ಮುಂದೆ ಹಳ್ಳದ ಸೇತುವೆ ಕುಸಿದು ಬಸ್ಸುಗಳು ಬೇರೆ ದಾರಿ ಹಿಡಿದಿದ್ದವು. ಸೇತುವೆಗೆ ಮೊದಲಿನ ಬೇವಿನ ಮರವೇ ಗುರಿ. ಅಲ್ಲಿ ನಿಲ್ಲದಿದ್ದರೆ ಇಬ್ಬರೂ ಹಳ್ಳಕ್ಕೆ. ನಡುಮಧ್ಯಾಹ್ನ ದೆವ್ವ ತಿರುಗುವ ಹೊತ್ತೆಂದು ಕುರಿ ಕಾಯುವವರು ಸಹ ದೂರದ ಮರಗಳ ಕೆಳಗಿಂದ ಕದಲಿರಲಿಲ್ಲ. ಹಾದಿಯ ಮೇಲೆ ಒಂದು ನಾಯಿಯೂ ಇರಲಿಲ್ಲ.

ಧೂಳಿಗೆ ಗಾಜುಗಳನ್ನು ಏರಿಸಿ ಹೊರಟೆವು. ಅರ್ಧ ಹಾದಿಯಲ್ಲಿ ನಾನು ಸಿಲಿಂಡರಿನ ತಿರುಪು ತೆರೆದು ಎಣಿಸತೊಡಗಿದೆ. ಕಾರು ನೆಗೆಯಿತು. ನಿಲಂಗಾದ ಕಾರು ಧೂಳಿನಲ್ಲಿ ಮುಳುಗಿತು. ಆ ಬೇಸಿಗೆಯಲ್ಲಿ ಕೊಳವೆಯ ಮೇಲೆ ಬೆಳ್ಳಗೆ ಹಿಮ ಕಟ್ಟುತ್ತ ಬಂತು. ಚಳಿಗೆ ನಮ್ಮ ಸುಣ್ಣ ಬೆಲ್ಲ ಟಕ್ ಎಂದು ಬಿರುಕು ಬಿಟ್ಟಿತು. ಸಿಹಿ ವಾಸನೆ.

ಮೂರು, ನಾಲ್ಕು. ಐದಕ್ಕೆ ಎಂಜಿನ್ನಿನ ಸದ್ದು ಬಾವಿಯ ತಳಕ್ಕೆ ಇಳಿದಂತಾಯಿತು. ಆರಕ್ಕೆ ಪರದೆಗಳ ಕಡೆಯಿಂದ ಒಂದು ಹೆಂಗಸಿನ ದನಿ ನನ್ನ ಜೊತೆ ಎಣಿಸತೊಡಗಿತು. ಮೆಲ್ಲಗೆ, ಮಗುವಿಗೆ ಕಲಿಸುವಂತೆ. ನಾನು ತಿರುಗಲಿಲ್ಲ. ಅಣ್ಣ ಬಾಯಿ ತೆರೆದು ನಗುತ್ತಿದ್ದ, ಬೇವಿನ ಮರ ಹಿಂದೆ ಹೋಯಿತು. ಏಳಕ್ಕೆ ನಾನು ತಿರುಪು ಹಿಡಿದು ಮುಚ್ಚಿದೆ. ಲೋಹದ ಚಳಿ ಮೂಳೆಗೆ ಇಳಿಯಿತು.

ಕಾರು ನಿಂತಾಗ ಮುಂದಿನ ಗಾಲಿಗಳಿಗೂ ಸೇತುವೆಯ ಮುರಿದ ಅಂಚಿಗೂ ಎರಡು ಗೇಣು ಅಂತರವಿತ್ತು. ನನ್ನನ್ನು ಕೆಳಗಿಳಿಸಿ ಅಣ್ಣ ಮುಖಕ್ಕೆ ನೀರು ಹೊಡೆದ.

"ಯಾಕ ನಗ್ತಿದ್ದಿ ಅಣ್ಣಾ? ಹಳ್ಳ ಕಾಣಲಿಲ್ಲೇನು?"

"ನಾ ಎಲ್ಲಿ ನಕ್ಕೀನೋ ಹುಚ್ಚಾ! ವಾಸನಿ ಬಂದಕೂಡ್ಲೆ ಗಾಜ ಇಳಿಸಿ ಮಾರಿ ಹೊರಗ ಹಾಕೀನಿ. ನಗ್ತಿದ್ದಾಂವ ನೀ. ಬಂದ ಮಾಡು, ಬಂದ ಮಾಡು ಅಂತ ಒದರಿದೆ. ನೀ ಕೈ ತೊಡಿ ಮ್ಯಾಲ ಇಟಗೊಂಡು ಏಳು, ಏಳು, ಏಳು ಅಂತ ಕುಂತಿದ್ದಿ. ಕಡೀಕ ನಾನೇ ಬಗ್ಗಿ ಬಂದ ಮಾಡೀನಿ."

ಅವನ ಕಡೆಯ ಗಾಜು ಕೆಳಗಿಳಿದಿತ್ತು. ಅವನು ಎಡ ಅಂಗೈ ಚಾಚಿದ. ಹಿಮ ಸುಟ್ಟು ಚರ್ಮ ಬೆಳ್ಳಗಾಗಿ, ತಿರುಪಿನ ಹಲ್ಲುಗಳು ಮೂಡಿದ್ದವು. ನನ್ನ ಎರಡೂ ಅಂಗೈಗಳಲ್ಲಿ ಏನೂ ಇರಲಿಲ್ಲ.

ಉಸ್ತಾದರು ಬೈದು ಸಿಲಿಂಡರ್ ಬಿಚ್ಚಿಕೊಂಡರು. ಅಣ್ಣನ ಕೈ ಮಾಯುವವರೆಗೆ ಊಟದಲ್ಲಿ ನಾನೇ ಅವನಿಗೆ ರೊಟ್ಟಿ ಮುರಿದು ಕೊಡುತ್ತಿದ್ದೆ. ರೊಟ್ಟಿ ಒಲೆಯಿಂದ ಆಗಷ್ಟೇ ತೆಗೆದದ್ದಾಗಿರುತ್ತಿತ್ತು. ಆದರೂ ನನ್ನ ಅಂಗೈಗೆ ಅದು ಆ ತಿರುಪಿನಂತೆ ತಣ್ಣಗೆ ತಾಕುತ್ತಿತ್ತು.