ತೆಂಗಿನೆಣ್ಣೆಯೊಟ್ಟಿಗೆ ನಾಲ್ಕು ಹನಿ

ಡಿಸೆಂಬರಿನ ಕೊನೆಗೆ ಮುಂಬಯಿ ಪಕ್ಕದ ಠಾಣೆ ಊರಿನ ಬೆಳಗು ತುಸು ತಣ್ಣಗಾಗುತ್ತದೆ. ಸ್ವೆಟರ್ ಹುಡುಕುವಷ್ಟಲ್ಲ, ತೆಂಗಿನೆಣ್ಣೆ ಹೆಪ್ಪುಗಟ್ಟುವಷ್ಟು. ಕೋಪರಿಯಲ್ಲಿರುವ ನನ್ನ ಅಕ್ಕನ ಅಡುಗೆಮನೆಯ ಕಿಟಕಿಯಲ್ಲಿ ಅಂಥದೊಂದು ಬಾಟಲಿ ಬೆಳ್ಳಗೆ ಬಿಗಿದುಕೊಂಡು ಕೂತಿದೆ. ಓದುವ ಗೆಳೆಯರೇ, ಒಂದು ಎಣ್ಣೆ ಬಾಟಲಿಗೆ ಇರಬಹುದಾದ ಏಳುಬೀಳುಗಳನ್ನೆಲ್ಲ ಅದು ಕಂಡಿದೆ. ಮೊದಲು ಒಲೆಯ ಪಕ್ಕದಲ್ಲಿ ರಾಣಿಯಂತಿತ್ತು, ಆಮೇಲೆ ಬಚ್ಚಲಿನ ಗೂಡಿಗೆ ಗಡೀಪಾರಾಗಿ ಬರೀ ತಲೆಗೆ ಹಚ್ಚುವ ಎಣ್ಣೆಯಾಯಿತು, ಮತ್ತೆ ಕೆಲವು ತಿಂಗಳ ಮಟ್ಟಿಗೆ ಮೆರವಣಿಗೆಯಲ್ಲೇ ಒಲೆಯ ಬಳಿಗೆ ಮರಳಿತು. ಈಗ ಅದನ್ನು ಯಾರೂ ಮುಟ್ಟುವುದಿಲ್ಲ.

ಭಾವ, ಎಂದರೆ ಅಕ್ಕನ ಗಂಡ, ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ನಡುವೆ ಒಂದು ಪುಟ್ಟ ಹೋಟೆಲು ನಡೆಸಿದವರು. ಕಾವಲಿಯ ಮುಂದೆ ನಿಂತೇ ಆಯುಷ್ಯದ ಬಹುಪಾಲು ಕಳೆದದ್ದರಿಂದ ಅವರ ಮೊಣಕಾಲು ಸವೆದಿತ್ತು. ಹೋಟೆಲು ಬಿಟ್ಟುಕೊಟ್ಟ ಮೇಲೆ ಹೃದಯವೂ ತಾಳ ತಪ್ಪಿ ಬಡಿಯತೊಡಗಿತು. ವೈದ್ಯರು ರಕ್ತ ಹೆಪ್ಪುಗಟ್ಟದಂತೆ ತೆಳುವಾಗಿಡುವ ಮಾತ್ರೆ ಕೊಟ್ಟರು, ಆಗಾಗ ರಕ್ತಪರೀಕ್ಷೆಗೆ ಬರಹೇಳಿದರು, ಹೊರಡುವಾಗ ಎಣ್ಣೆ ತುಪ್ಪ ಕಡಿಮೆ ಮಾಡಿ ಎಂದೂ ಅಂದರು. ಈ ಕೊನೆಯ ಮಾತನ್ನು ಅಕ್ಕ ವ್ರತದಂತೆ ಹಿಡಿದಳು. ಕಬ್ಬಿಣದ ಕಾವಲಿ ಅಟ್ಟ ಸೇರಿತು. ಎಣ್ಣೆ ಕೇಳದ ಕರಿ ತವಾ ಬಂತು. ಅಂಚಿಗೆ ತೆಂಗಿನೆಣ್ಣೆ ಹರಿದು ಚುಂಯ್ ಎನ್ನುವ ದೋಸೆಯನ್ನು ಊರಿಗೆಲ್ಲ ಬಡಿಸಿದ ಮನುಷ್ಯ ತನ್ನ ತಟ್ಟೆಯದನ್ನು ಬೆಳಕಿಗೆ ಹಿಡಿದು, "ಇದು ದೋಸೆಯಾ, ಕಾಗದವಾ ಮಾರಾಯ್ತಿ?" ಎನ್ನುತ್ತಿದ್ದರು.

ನಮ್ಮ ತಲೆಮಾರಿನ ಹೊಟ್ಟೆಯಷ್ಟು ಉಪದೇಶ ಕೇಳಿದ ಹೊಟ್ಟೆ ಬೇರೊಂದಿರಲಾರದು. ತೆಂಗಿನೆಣ್ಣೆ ಹಳ್ಳಿಯವರದ್ದು ಎಂದು ವನಸ್ಪತಿ ತಂದೆವು. ವನಸ್ಪತಿ ವಿಷವೆಂದಾಗ ಸೂರ್ಯಕಾಂತಿ ತಂದೆವು. ಕೊನೆಗೆ ಜಿಡ್ಡೇ ಬೇಡ ಎಂದು ಬೇಯಿಸಿದ್ದನ್ನೇ ತಿಂದೆವು. ಈಗ ನವಿ ಮುಂಬಯಿಯ ತರುಣರು ಕಾಫಿಗೆ ಬೆಣ್ಣೆ ಕದಡಿಕೊಂಡು ಕುಡಿಯುತ್ತಾರಂತೆ! ಪ್ರತಿ ಸಲವೂ ವಿಜ್ಞಾನದ ಹೆಸರು, ಪ್ರತಿ ಸಲವೂ ಹೊಸ ಡಬ್ಬಿ. ವಿಜ್ಞಾನದ ಮೇಲೆ ನನಗೆ ಸಿಟ್ಟಿಲ್ಲ. ಅಂಬರನಾಥದ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಅದರ ಅನ್ನವನ್ನೇ ಉಂಡವನು ನಾನು. ನನ್ನ ಸಿಟ್ಟೆಲ್ಲ ಅದನ್ನು ಅರ್ಧಕ್ಕೆ ಹರಿದು ಮಾರುವವರ ಮೇಲೆ.

ಅಂಥ ಅರ್ಧವೊಂದನ್ನು ಭಾವನ ಮನೆಗೆ ತಂದವರು ಭಜನಾ ಮಂಡಳಿಯ ರಘುರಾಮಣ್ಣ. ಕೆಟ್ಟವರಲ್ಲ, ನಮ್ಮ ಕಡೆಯವರೇ. ನಿವೃತ್ತರಾದ ಮೇಲೆ ಯಾವುದೋ ಆರೋಗ್ಯವರ್ಧಕಗಳ ಏಜೆನ್ಸಿ ಹಿಡಿದಿದ್ದರು. ಶನಿವಾರದ ಭಜನೆ ಮುಗಿದು ಅವಲಕ್ಕಿ ಹಂಚುವಾಗ ಭಾವನ ಮೊಣಕಾಲನ್ನು ನೋಡಿ ಕರಗಿ, ಹಸಿರೆಲೆಯ ಚಿತ್ರವಿದ್ದ ಕಪ್ಪು ಸೀಸೆಯೊಂದನ್ನು ಕೈಗಿತ್ತರು. ಭಂಗಿಯ ಎಲೆಯ ಸತ್ವ. ಕ್ಯಾನಬಿನಾಯ್ಡ್ ಎಂದು ಅದರ ಮೇಲೆ ದೊಡ್ಡದಾಗಿ ಬರೆದಿತ್ತು. ಮೊಬೈಲಿನ ವೀಡಿಯೊ ಕರೆಯಲ್ಲಿ ಯಾರೋ ವೈದ್ಯರು ಮಿಂಚಿ ಮರೆಯಾಗಿ ಔಷಧದ ಚೀಟಿಯೂ ಬಂತು. ಬೇರೇನು ಮಾತ್ರೆ ನುಂಗುತ್ತೀರಿ ಎಂದು ಅವರು ಕೇಳಲಿಲ್ಲ. ಅಕ್ಕ ನಕ್ಕು ನಕ್ಕು ಸುಸ್ತಾಗಿದ್ದಳಂತೆ: "ಇಷ್ಟು ವರ್ಷ ಒಂದು ಬೀಡಿ ಸೇದದವರು ಈಗ ಭಂಗಿ ಶುರು ಮಾಡಿದ್ರಾ?"

ನಮ್ಮವರಿಗೆ ಔಷಧವೆಂದರೆ ಕಷಾಯ, ಕಷಾಯವೆಂದರೆ ಖಾಲಿ ಹೊಟ್ಟೆ. ಭಾವ ಮುಖ ತೊಳೆದೊಡನೆ ನಾಲಗೆಯಡಿಗೆ ನಾಲ್ಕು ಹನಿ ಬಿಟ್ಟುಕೊಂಡು, ನುಂಗಿ, ಪೂರ್ವಕ್ಕೆ ಕೈಮುಗಿಯುತ್ತಿದ್ದರು. ನೋವು ಒಂದಿಷ್ಟೂ ಜಗ್ಗಲಿಲ್ಲ. ದೂರು ಕೇಳಿದ ರಘುರಾಮಣ್ಣ ಹಣೆ ಚಚ್ಚಿಕೊಂಡರು. "ಖಾಲಿ ಹೊಟ್ಟೆಗೆ ತಗೊಂಡ್ರೆ ಎಂತ ಪ್ರಯೋಜನ ಭಟ್ರೇ? ಅದು ಜಿಡ್ಡಲ್ಲಿ ಮಾತ್ರ ಕರಗುದು. ತೆಂಗಿನೆಣ್ಣೆ ಹಾಕಿದ ದೋಸೆ ಒಟ್ಟಿಗೆ ತಗೊಳ್ಳಿ, ಆಮೇಲೆ ನೋಡಿ."

ಅವರು ಹೇಳಿದ್ದು ಸುಳ್ಳಲ್ಲ. ನನ್ನನ್ನು ಇಂದಿಗೂ ಕೊರೆಯುವುದು ಅದೇ. ಈ ಸತ್ವ ನೀರಿಗೆ ಒಲ್ಲದ್ದು, ಕೊಬ್ಬಿಗೆ ಒಲಿಯುವಂಥದ್ದು. ಬರಿಹೊಟ್ಟೆಯಲ್ಲಿ ಅದರ ಬಹುಪಾಲು ಬಂದ ದಾರಿಗೆ ಸುಂಕವಿಲ್ಲದೆ ಹೊರಟುಹೋಗುತ್ತದೆ. ಊಟದಲ್ಲಿ ಜಿಡ್ಡಿದ್ದರೆ ಪಿತ್ತರಸ ಹರಿದು, ಕೊಬ್ಬಿನ ಸಣ್ಣ ಸಣ್ಣ ಬಿಂದುಗಳ ಮಡಿಲಲ್ಲಿ ಕೂತು ಅದು ರಕ್ತಕ್ಕೆ ಸೇರುತ್ತದೆ, ಅದೂ ಹಲವು ಪಟ್ಟು ಹೆಚ್ಚಾಗಿ. ಹನಿ ಅಷ್ಟೇ, ಸೀಸೆ ಅದೇ. ಬದಲಾದದ್ದು ದೋಸೆಯ ಅಂಚು ಮಾತ್ರ.

ಅಕ್ಕನ ಸಂಭ್ರಮ ಕೇಳಬೇಕೆ! ಅಟ್ಟದ ಕಾವಲಿ ಇಳಿಯಿತು, ಬಚ್ಚಲಿನ ಬಾಟಲಿ ಒಲೆಯ ಪಕ್ಕಕ್ಕೆ ಬಂತು. ಡೊಂಬಿವಲಿಯಿಂದ ಲೋಕಲ್ ಹಿಡಿದು ಒಂದು ಭಾನುವಾರ ನಾನು ಹೋದಾಗ ಮೆಟ್ಟಿಲಲ್ಲೇ ಕಾದ ತೆಂಗಿನೆಣ್ಣೆಯ ವಾಸನೆ. ಭಾವ ಕೋಲಿಲ್ಲದೆ ಬಂದು ಬಾಗಿಲು ತೆರೆದರು. "ನಿಮ್ಮಕ್ಕ ಈಗ ಮತ್ತೆ ದೋಸೆ ಹೊಯ್ಯುದು ಕಲಿತಿದ್ದಾಳೆ ನೋಡು," ಎಂದರು. ಅಕ್ಕ ಒಲೆಯ ಮುಂದೆ ನಿಂತು ಹುಡುಗಿಯಂತೆ ನಗುತ್ತಿದ್ದಳು. ಹೃದಯದ ವೈದ್ಯರೇ ಎಣ್ಣೆಗೆ ಒಪ್ಪಿರಬೇಕೆಂದುಕೊಂಡು ನಾನೂ ಸಾಕೆನಿಸುವಷ್ಟು ತಿಂದೆ. ಸೀಸೆಯ ಸುದ್ದಿ ಅಂದು ಯಾರೂ ಎತ್ತಲಿಲ್ಲ.

ಎತ್ತುವ ಕಾರಣವೂ ಅವರಿಗೆ ಕಾಣಲಿಲ್ಲ. ಮಾತ್ರೆಗಳೆಲ್ಲ ದೇವರ ಕೋಣೆಯ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿದ್ದವು. ಈ ಸೀಸೆ ಮಾತ್ರ ಅಡುಗೆಮನೆಯಲ್ಲಿ, ಇಂಗಿನ ಡಬ್ಬಿಯ ಪಕ್ಕ. ಹರಳೆಣ್ಣೆ, ಎಳ್ಳೆಣ್ಣೆ, ಮೊಣಕಾಲಿಗೆ ತಿಕ್ಕುವ ತೈಲ, ಇವನ್ನೆಲ್ಲ ನಾವು ಮದ್ದೆಂದು ಲೆಕ್ಕಕ್ಕೆ ಹಿಡಿದವರೇ ಅಲ್ಲ. ರಕ್ತಪರೀಕ್ಷೆಯ ದಿನ ಹೊಸ ಔಷಧವೇನಾದರೂ ಇದೆಯೇ ಎಂದು ವೈದ್ಯರು ಕೇಳಿದಾಗ ಅಕ್ಕ ಪೆಟ್ಟಿಗೆಯನ್ನು ಮನಸ್ಸಿನಲ್ಲೇ ತಡಕಾಡಿ, ಇಲ್ಲ ಎಂದಳು. ಅವಳ ಮಟ್ಟಿಗೆ ಅದು ಸತ್ಯವೇ ಆಗಿತ್ತು. ರಕ್ತ ಬೇಕಾದ್ದಕ್ಕಿಂತ ತೆಳುವಾಗಿದೆಯೆಂದು ವೈದ್ಯರು ಮಾತ್ರೆಯ ಪ್ರಮಾಣ ತಗ್ಗಿಸಿ, ಮತ್ತೆ ಬೇಗ ಬನ್ನಿ ಎಂದರು.

ಮುಂದಿನ ಪರೀಕ್ಷೆಗೆ ಮೊದಲೇ ಭಾವ ಬಚ್ಚಲಲ್ಲಿ ಕಾಲು ಜಾರಿದರು. ದೊಡ್ಡ ಪೆಟ್ಟೇನಲ್ಲ, ಮಕ್ಕಳಾಗಿದ್ದರೆ ಊದಿ ಮುತ್ತಿಟ್ಟು ಎಬ್ಬಿಸುವಂಥದ್ದು. ಆದರೆ ತಲೆಯೊಳಗೆ ಒಸರತೊಡಗಿದ ರಕ್ತ ನಿಲ್ಲುವುದನ್ನೇ ಮರೆತಿತ್ತು. ಆಸ್ಪತ್ರೆಯಲ್ಲಿ ಮತ್ತೆ ಅದೇ ಪ್ರಶ್ನೆ ಎದ್ದಾಗ ನನ್ನ ಸೋದರಸೊಸೆ, ಅಕ್ಕನ ಒಬ್ಬಳೇ ಮಗಳು, ಮನೆಗೆ ಓಡಿ ಆ ಸೀಸೆ ತಂದಳು. ಇಲ್ಲೇ ಹುಟ್ಟಿ ಬೆಳೆದ ಅವಳಿಗೆ ದುಃಖವೂ ಹಿಂದಿಯಲ್ಲೇ ಬರುತ್ತದೆ. "ಮಾಮಾ, ಪಪ್ಪಾ ಏ ಭೀ ಲೇತೇ ಥೇ," ಅಪ್ಪ ಇದನ್ನೂ ತಗೊಳ್ಳುತ್ತಿದ್ದರು, ಎಂದು ನನ್ನ ಕೈಗಿಟ್ಟಳು. ವೈದ್ಯರು ಹೆಸರು ಓದಿ ತುಟಿ ಕಚ್ಚಿದರು. ರಕ್ತ ತೆಳುವಾಗಿಡುವ ಆ ಮಾತ್ರೆಯನ್ನು ಯಕೃತ್ತು ಕರಗಿಸಿ ಹೊರಹಾಕಬೇಕು; ಈ ಸತ್ವ ಯಕೃತ್ತಿನ ಕೈ ಕಟ್ಟಿಬಿಡುತ್ತದೆ; ಮಾತ್ರೆ ಒಳಗೇ ಉಳಿದು ರಕ್ತ ನೀರಾಗುತ್ತದೆ. ಇದೇ ಕಾರಣವೆಂದು ಖಡಾಖಂಡಿತವಾಗಿ ಹೇಳಲಾರೆ, ಇರಬಹುದು ಎಂದರು. ಆ 'ಇರಬಹುದು' ಎನ್ನುವ ಪದವನ್ನು ನಮಗೆ ಬಿಟ್ಟು ಭಾವ ಹೊರಟುಹೋದರು.

ಉತ್ತರಕ್ರಿಯೆಯ ದಿನ, ಬೊಜ್ಜದ ಊಟಕ್ಕೆ ರಘುರಾಮಣ್ಣ ಬಂದಿದ್ದರು, ಕಣ್ಣು ಒರೆಸಿಕೊಂಡರು, ಪಾಯಸ ಚೆನ್ನಾಗಿದೆ ಎಂದರು. ಏಜೆನ್ಸಿ ಇನ್ನೂ ಇದೆ. ಕೂಗಾಡಬೇಕೆನಿಸಿತು, ಕೂಗಾಡಿದರೆ ಅಕ್ಕನಿಗೆ ಎಲ್ಲ ತಿಳಿದುಬಿಡುತ್ತದೆಂದು ಹಲ್ಲು ಕಚ್ಚಿಕೊಂಡೆ. ಆಸ್ಪತ್ರೆಯ ಆ ಮಾತುಕತೆ ನಡೆದಾಗ ಅವಳು ಹೊರಗೆ ಬೆಂಚಿನ ಮೇಲಿದ್ದಳು.

ಆದರೆ ಮಗಳ ಬಾಯಿಂದ ತುಣುಕು ತುಣುಕಾಗಿ ಅವಳಿಗೆ ತಿಳಿದೇ ಬಿಟ್ಟಿದೆ. ಕಳೆದ ಭಾನುವಾರ ಹೋದಾಗ ಒಲೆ ಹಚ್ಚುತ್ತ, ನನ್ನ ಮುಖ ನೋಡದೆ ಕೇಳಿದಳು.

"ನೀನು ಕೆಮಿಸ್ಟ್ರಿ ಓದಿದವ. ಸರಿ ಹೇಳು. ಆ ಹನಿ ಬರೀ ಹೊಟ್ಟೆಗೆ ಹೋಗ್ತಿದ್ದಾಗ ಅವರಿಗೆ ಎಂತ ಆಗ್ಲಿಲ್ಲ. ನಾನು ಎಣ್ಣೆ ಹಾಕಿದ ಮೇಲೆ ಅಲ್ವಾ ಅದು ಮೈಗೆ ಹತ್ತಿದ್ದು?"

ಉತ್ತರ ನನಗೆ ಗೊತ್ತಿತ್ತು. ಆಯುಷ್ಯವಿಡೀ ಯಾವುದು ಯಾವುದರಲ್ಲಿ ಕರಗುತ್ತದೆಂದು ಬರೆದಿಟ್ಟ ಮನುಷ್ಯನಿಗೆ ಇದೊಂದು ಪ್ರಶ್ನೆಯೇ ಅಲ್ಲ.

"ಇಲ್ಲ ಅಕ್ಕ," ಎಂದೆ. "ಎಣ್ಣೆಗೂ ಅದಕ್ಕೂ ಸಂಬಂಧವೇ ಇಲ್ಲ."

"ಹೌದಾ? ನೀನು ಹೇಳಿದ್ರೆ ಸರಿಯೇ ಇರ್ತದೆ," ಎಂದಳು. ನಾನು ಎದ್ದು ಕಿಟಕಿಯ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಡಹೋದೆ. ಅವಳು ಅದನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡು, ಮತ್ತೆ ಕಿಟಕಿಯ ತಂಪಿನಲ್ಲೇ ಇಟ್ಟು, ಕರಿ ತವಾದಿಂದ ದೋಸೆ ಎಬ್ಬಿಸಿ ನನ್ನ ತಟ್ಟೆಗೆ ಹಾಕಿದಳು. ಒಂದು ಹನಿ ಎಣ್ಣೆಯೂ ಇರಲಿಲ್ಲ.